ಒಂಬತ್ತನೇ ರೂಮಿನ ಖಾಲಿ ಮಂಚ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬದುಕಿದ್ದ ಹೆಂಗಸೊಬ್ಬಳನ್ನು ಸತ್ತವಳೆಂದು ಸಾರಿದವನು ನಾನು. ಅದಕ್ಕೆ ಬಳಸಿದ ಸಾಮಾನು ಎರಡೇ: ಒಂದು ಕಬ್ಬಿಣದ ಮಂಚ, ಇನ್ನೊಂದು ನಮ್ಮ ಮ್ಯಾನೇಜರ ದನಿ. ಮಂಚ ಕಂಪನಿಯದು. ದನಿ ಕದ್ದದ್ದು.

ಕುವೈತಿನ ಸಬ್ಹಾನಿನಲ್ಲಿ ಒಂದು ಕ್ಲೀನಿಂಗ್ ಕಂಪನಿಯ ಲೇಬರ್ ಕ್ಯಾಂಪಿಗೆ ನಾನು ಕ್ಯಾಂಪ್ ಬಾಸ್ ಆಗಿದ್ದೆ. ತೊಂಬತ್ತರ ದಶಕದಲ್ಲಿ ಸೇರಿದಾಗ ಇಪ್ಪತ್ತೆಂಟು ವಯಸ್ಸು, ತಲೆ ತುಂಬ ಕೂದಲು. ಬಿಟ್ಟು ಬಂದಾಗ ಎರಡೂ ಇರಲಿಲ್ಲ. ನಿವೃತ್ತಿ ಎಂದು ಗೌರವಕ್ಕೆ ಹೇಳುತ್ತೇನೆ. ಗಲ್ಫಿನಲ್ಲಿ ನಿವೃತ್ತಿ ಎಂಬುದಿಲ್ಲ, ಒಂದು ವರ್ಷ ಇಕಾಮಾ ಎಂಬ ವಾಸದ ಪರವಾನಗಿ ಹೊಸದಾಗುವುದಿಲ್ಲ, ಅಷ್ಟೆ. ಈಗ ಊರಿನ ಹುಡುಗರು ಅದೇ ಕೆಲಸಕ್ಕೆ ಹೊರಡುವಾಗ "ವಾಲ್ಟರ್ ಅಂಕಲ್, ಎಂತಾದ್ರೂ ಟಿಪ್ಸ್ ಕೊಡಿ" ಎಂದು ಬರುತ್ತಾರೆ. ಹಾಗಾಗಿ ಬರೆಯುತ್ತಿದ್ದೇನೆ.

ಬಾಸ್ ಎಂಬ ಹೆಸರಿಗೆ ಮೋಸಹೋಗಬೇಡಿ. ನಮ್ಮಮ್ಮ ಇಗರ್ಜಿಯ ಮೆಟ್ಟಿಲ ಮೇಲೆ ನಿಂತು "ನಮ್ಮವ ಕುವೈತಲ್ಲಿ ಬಾಸ್" ಎಂದು ಹೇಳಿಕೊಳ್ಳುತ್ತಿದ್ದ ಹೊತ್ತಿನಲ್ಲಿ ಬಾಸ್ ಕಟ್ಟಿಕೊಂಡ ಕಕ್ಕಸಿನಲ್ಲಿ ಬಿದಿರು ತೂರಿಸುತ್ತಿದ್ದ. ನೀರಿನ ಟ್ಯಾಂಕರ್ ಬಂತೇ, ಯಾರಿಗೆ ಜ್ವರ, ಯಾರ ಬನಿಯನ್ ಯಾರು ಹಾಕಿಕೊಂಡ, ಯಾವ ಶಿಫ್ಟಿಗೆ ಯಾರೆಂದು ಬೋರ್ಡಿನಲ್ಲಿ ಬರೆಯುವುದು, ಯಾವ ರೂಮಿನ ಯಾವ ಮಂಚ ಯಾರಿಗೆ. ಈ ಕೊನೆಯದೇ ದೊಡ್ಡದು. ಊರಿನಲ್ಲಿ ಗದ್ದೆ ಇರಬಹುದು, ಮನೆ ಇರಬಹುದು. ಕ್ಯಾಂಪಿನಲ್ಲಿ ಮನುಷ್ಯನಿಗೆ ಇರುವುದು ಒಂದು ಮಂಚ. ಅದನ್ನು ಅಲ್ಲಾಡಿಸುವ ಅಧಿಕಾರ ನಿಮ್ಮ ಕೈಯಲ್ಲಿರುತ್ತದೆ.

ಅಣಕಿಸುವುದು ನನಗೆ ಹುಟ್ಟಿನಿಂದ ಬಂದ ರೋಗ. ಪಾದ್ರಿ, ಪಿ.ಟಿ. ಮಾಸ್ಟರು, ಬಸ್ ಕಂಡಕ್ಟರು ಯಾರನ್ನೂ ಬಿಟ್ಟವನಲ್ಲ. ಹೆಣ್ಣು ನೋಡಲು ಹೋದಾಗ ನಾನು ಹೇಗೆ ತೊದಲಿದೆನೆಂದು ಮಾಡಿ ತೋರಿಸಿ, ಅದೇ ಹೆಣ್ಣನ್ನು ನಗಿಸಿ ಮದುವೆಯಾದವನು. ಕ್ಯಾಂಪಿನಲ್ಲಿ ನನಗೆ ಸಿಕ್ಕಿದ ಒಳ್ಳೆಯ ಪಾತ್ರವೆಂದರೆ ಮುದೀರ್ ಸಾಹೇಬರು. ಅಲ್ಲಿ ಮ್ಯಾನೇಜರನ್ನು ಮುದೀರ್ ಎನ್ನುತ್ತಾರೆ. ನಮ್ಮವರು ಈಜಿಪ್ಟಿನವರು. ಮಾತು ಮೂಗಿನಿಂದ ಹೊರಟು, ಪ್ರತಿ ವಾಕ್ಯದ ಕೊನೆಗೆ ಒಂದು ಕೆಮ್ಮಿನಲ್ಲಿ ಮುಗಿಯುತ್ತಿತ್ತು. ತಿಂಗಳಿಗೊಮ್ಮೆ ಕ್ಯಾಂಪಿಗೆ ಬರುವರು, ಆಫೀಸಿನಲ್ಲಿ ಕೂತು ಅಂಗಳದ ಲೌಡ್‌ಸ್ಪೀಕರಿನಲ್ಲಿ ಗುಡುಗುವರು, ಹೋಗುವರು. ಕೆಲಸಗಾರರಿಗೆ ಅವರ ಮುಖಕ್ಕಿಂತ ದನಿಯೇ ಹೆಚ್ಚು ಪರಿಚಯ.

ಒಂದು ಬೆಳಿಗ್ಗೆ ಬಸ್ಸಿಗೆ ಯಾರೂ ಏಳುತ್ತಿಲ್ಲ. ಮೈಕ್ ಹಿಡಿದು, ಮೂಗು ಒತ್ತಿಕೊಂಡು, "ಯಲ್ಲಾ! ಫೈವ್ ಮಿನಿಟ್! ನೋ ಬಸ್, ನೋ ಡ್ಯೂಟಿ!" ಎಂದು ಹೇಳಿ ಕೆಮ್ಮಿದೆ. ಒಂದು ಕಾಲಿಗೆ ಬೂಟು, ಇನ್ನೊಂದು ಕೈಯಲ್ಲಿ ಹಿಡಿದು ಎಲ್ಲರೂ ಓಡಿಬಂದರು. ಅಂದಿನಿಂದ ಅದೇ ಅಭ್ಯಾಸವಾಯಿತು. ಸಾಹೇಬರು ಪೇಟೆಯ ಆಫೀಸಿನಿಂದ ಫೋನಿನಲ್ಲೇ ಗುಡುಗುತ್ತಾರೆಂದು ಅವರು ತಿಳಿದುಕೊಂಡರು.

ಸ್ಟೋರ್ ನೋಡಿಕೊಳ್ಳುತ್ತಿದ್ದ ಸಂಜೀವಣ್ಣ ಮೂಲ್ಕಿ ಕಡೆಯವರು, ನನಗಿಂತ ಹದಿನೈದು ವರ್ಷ ಹಿರಿಯರು. "ಮಾರಾಯ, ಅದು ನಿನ್ನ ಸ್ವರ ಅಂತ ಅವರಿಗೆ ಹೇಳಿದ್ದೀಯಾ?" ಎಂದು ಕೇಳಿದರು.

"ಹೇಳಿದ್ರೆ ಯಾರು ಓಡ್ತಾರೆ ಸಂಜೀವಣ್ಣ?"

"ಓಡಿಸ್ಲಿಕ್ಕೆ ಸುಲಭ ಉಂಟು. ನಿಲ್ಲಿಸ್ಲಿಕ್ಕೆ ಎಂತ ಮಾಡ್ತೀ?"

ಅವರ ಮಾತನ್ನೇ ಮುದೀರರ ದನಿಯಲ್ಲಿ ಹೇಳಿ ಕೆಮ್ಮಿ ತೋರಿಸಿದೆ. ಅವರೂ ನಕ್ಕುಬಿಟ್ಟರು. ನನ್ನ ಸುತ್ತಲಿನ ಬುದ್ಧಿವಂತರನ್ನೆಲ್ಲ ನಾನು ಹಾಳು ಮಾಡಿದ್ದು ಹೀಗೆಯೇ, ನಗಿಸಿ.

ಆ ವರ್ಷ ಬೇಸಿಗೆ ಶುರುವಾಗುವಾಗ ಬಾಂಗ್ಲಾದೇಶದಲ್ಲಿ ಸುಂಟರಗಾಳಿ ಎದ್ದಿತು. ಕ್ಯಾಂಪಿನಲ್ಲಿ ಬಾಂಗ್ಲಾದವರೇ ಹೆಚ್ಚು. ಅವರಲ್ಲೂ ಮೂವತ್ತು ಚಿಲ್ಲರೆ ಜನ ಒಂದಕ್ಕೊಂದು ತಾಗಿದ ಹಳ್ಳಿಗಳವರು. ಒಬ್ಬ ಬಂದರೆ ಅವನ ತಮ್ಮ, ಭಾವ, ನೆರೆಮನೆಯವ ಎಲ್ಲ ಅದೇ ದಾರಿಯಲ್ಲಿ ಬರುತ್ತಿದ್ದರು. ಗಾಳಿಯೂ ಅದೇ ದಾರಿ ಹಿಡಿದಿತ್ತು. ನಮ್ಮ ಕರಾವಳಿಯಲ್ಲಿ ಗಾಳಿ ಎಂದರೆ ಎರಡು ದಿನ ಬೀಸಿ, ನಾಲ್ಕು ತೆಂಗು ಉರುಳಿಸಿ ಹೋಗುವಂಥದ್ದು. ಇದು ಹಾಗಲ್ಲ. ಸಂಜೆ ಚಹಾಕ್ಕೆ ಕೂತವರ ಚಹಾ ತಣಿಯುವ ಮೊದಲು ಊರು ಇರಲಿಲ್ಲ.

ಕುವೈತಿಗೆ ಬಂದವನು ಊರಲ್ಲಿ ಮೊದಲು ಮಾಡಿಸುವ ಕೆಲಸವೆಂದರೆ ಹುಲ್ಲಿನ ಮಾಡು ಕಿತ್ತು ತಗಡು ಹೊದಿಸುವುದು. ದೂರದಿಂದ ನೋಡಿದರೆ ಯಾವ ಮನೆಯವನು ಗಲ್ಫಿನಲ್ಲಿದ್ದಾನೆಂದು ಗೊತ್ತಾಗಬೇಕು. ಗಾಳಿ ಆ ತಗಡುಗಳನ್ನೇ ಕಿತ್ತು ಬೀಸಿತು. ಹೊಲದಲ್ಲಿ ಓಡುತ್ತಿದ್ದವರನ್ನು ಕತ್ತರಿಸಿದ್ದು, ಮಲಗಿದ್ದವರ ಮೈಮೇಲೆ ಬಿದ್ದದ್ದು ಅವೇ. ಅದು ತಿಳಿದ ದಿನ ಒಬ್ಬನೂ ಊಟ ಮಾಡಲಿಲ್ಲ. "ನಾನು ಹುಲ್ಲೇ ಇರಲಿ ಅನ್ನಬೇಕಿತ್ತು" ಎಂದು ಒಬ್ಬ ಗೋಡೆಗೆ ಹೇಳುತ್ತಾ ಕೂತಿದ್ದ. ಏನು ಹೇಳುವುದು? ಯಾವ ದನಿಯಲ್ಲಿ ಹೇಳುವುದು?

ನಾಲ್ಕನೇ ರೂಮಿನ ಮೋತಲೇಬ್ ಮಿಯಾ ನನ್ನ ಗೆಳೆಯ. ಆಸ್ಪತ್ರೆಯೊಂದರ ಕಾರಿಡಾರು ಒರೆಸುವ ಕೆಲಸ. ಇಡೀ ಕ್ಯಾಂಪಿನಲ್ಲಿ ನನ್ನನ್ನೇ ತಿರುಗಿ ಅಣಕಿಸುವ ಧೈರ್ಯ ಇದ್ದವನು ಅವನೊಬ್ಬನೇ. ಬೀಗದ ಕೈಗೊಂಚಲು ತಿರುಗಿಸುತ್ತಾ, ಹೊಟ್ಟೆ ಮುಂದೆ ಮಾಡಿಕೊಂಡು ನಾನು ನಡೆಯುವುದನ್ನು ಎಷ್ಟು ಚೆನ್ನಾಗಿ ಮಾಡುತ್ತಿದ್ದನೆಂದರೆ ಅಂದಿನಿಂದ ಹೊಟ್ಟೆ ಒಳಗೆಳೆದುಕೊಂಡು ನಡೆಯತೊಡಗಿದೆ. ಅವನ ಹೆಂಡತಿ ರೊಕೇಯಾ, ಐದು ವರ್ಷದ ಮಗಳು. ಹೊಸ ತಗಡಿನ ಮನೆ. ಅವರಿಬ್ಬರೂ ಅದರ ಮುಂದೆ ನಿಂತು, ತಗಡಿನ ಹೊಳಪಿಗೆ ಕಣ್ಣು ಕಿರಿದು ಮಾಡಿದ ಫೋಟೋ ಅವನ ದಿಂಬಿನಡಿಯಲ್ಲಿತ್ತು.

ಆಗ ಮೊಬೈಲುಗಳಿರಲಿಲ್ಲ. ಆಫೀಸಿನಲ್ಲಿ ಒಂದು ಫೋನು. ಆ ಹಳ್ಳಿಗಳ ಹತ್ತಿರದ ಪೇಟೆಯಲ್ಲಿ ಒಂದು ಔಷಧಿ ಅಂಗಡಿಗೆ ಫೋನಿತ್ತು. ದಿನವಿಡೀ ತಿರುಗಿಸಿದರೆ ಒಮ್ಮೆ ಲೈನ್ ಸಿಗುವುದು. ಸಿಕ್ಕವನು ತನ್ನವರನ್ನಷ್ಟೇ ಅಲ್ಲ, ಎಲ್ಲರ ಮನೆಯವರನ್ನೂ ವಿಚಾರಿಸಬೇಕು. ಹೆಸರುಗಳು ಒಂದೊಂದೇ ಬರುತ್ತಿದ್ದವು. ಮೋತಲೇಬನ ಮನೆಯ ಸುದ್ದಿ ಮಾತ್ರ ಬರಲಿಲ್ಲ. ಅವನು ಡ್ಯೂಟಿ ಮುಗಿಸಿ ಬಂದು ಫೋನಿನ ಪಕ್ಕ ನಿಲ್ಲುತ್ತಿದ್ದ, ಕೂರುತ್ತಿರಲಿಲ್ಲ. "ಕೂತರೆ ಮರೆತುಬಿಡ್ತಾರೆ ಭಾಯಿ" ಎನ್ನುತ್ತಿದ್ದ. ಕ್ಯಾಂಪಿನ ಹಿಂದಿಯಲ್ಲಿ ಆಡಿದ ಮಾತನ್ನು ಇಲ್ಲಿ ಕನ್ನಡ ಮಾಡುತ್ತಿದ್ದೇನೆ.

ಆಗ ನನಗೆ ಒಂದು ಒಳ್ಳೆಯ ಯೋಚನೆ ಹೊಳೆಯಿತು. ಒಳ್ಳೆಯ ಯೋಚನೆ ಹೊಳೆದಾಗ ಒಂದು ದಿನ ಮಲಗಿ ಏಳಿ ಎಂದು ಹೊಸಬರಿಗೆ ಹೇಳುತ್ತೇನೆ. ಮನೆಯವರನ್ನು ಕಳೆದುಕೊಂಡವರು ಹನ್ನೆರಡು ರೂಮುಗಳಲ್ಲಿ ಚದುರಿಹೋಗಿದ್ದರು. ಪಕ್ಕದ ಮಂಚದಲ್ಲಿ ಒಬ್ಬ ಕ್ಯಾಸೆಟ್ ಹಾಕಿ ಹಾಡು ಕೇಳುತ್ತಿದ್ದರೆ ಇವನು ಗೋಡೆಗೆ ಮುಖ ಮಾಡಿ ಅಳುತ್ತಿದ್ದ. ಅಂಥವರನ್ನೆಲ್ಲ ಒಂಬತ್ತನೇ ರೂಮಿಗೆ ಹಾಕಿದೆ. ಒಟ್ಟಿಗೆ ಅಳಲಿ, ಒಟ್ಟಿಗೆ ಕುರ್‌ಆನ್ ಓದಲಿ ಎಂದು. ಮುದೀರ್ ಸಾಹೇಬರು ಬೆನ್ನು ತಟ್ಟಿದರು.

ಎರಡೇ ದಿನದಲ್ಲಿ ಕ್ಯಾಂಪಿನಲ್ಲಿ ಎಲ್ಲರೂ "ಸುದ್ದಿ ಬಂತಾ" ಎಂದು ಕೇಳುವುದನ್ನು ಬಿಟ್ಟರು. ಯಾರು ಹಾಸಿಗೆ ಸುತ್ತಿಕೊಂಡು ಒಂಬತ್ತಕ್ಕೆ ಹೊರಟರೆಂದು ನೋಡಿದರೆ ಸಾಕಿತ್ತು. ಒಳಗಿನವರು ಬಾಗಿಲಿಗೆ ಬಂದು ಹಾಸಿಗೆಯ ಎರಡು ಕಡೆ ಹಿಡಿದು ಒಳಗೆ ಕರೆದುಕೊಳ್ಳುತ್ತಿದ್ದರು. ಯಾರು ಸತ್ತರು, ಹೇಗೆ ಸತ್ತರು ಎಂದು ಕೇಳದಿರುವುದು ಆ ರೂಮಿನ ಮರ್ಯಾದೆಯಾಯಿತು.

ಕಂಪನಿ ನಾಲ್ಕು ಟಿಕೆಟು ಕೊಟ್ಟಿತು. ಯಾರಿಗೆಂದು ಮುದೀರರನ್ನು ಕೇಳಿದೆ. "ಸತ್ತವರು ಕಾಯುವುದಿಲ್ಲ, ವಾಲ್ಟರ್. ಕಾಯುತ್ತಿರುವವರಿಗೆ ಕೊಡು" ಎಂದು ಹೇಳಿ ಕೆಮ್ಮಿದರು. ಗಾಯಾಳುಗಳಿರುವವರಿಗೆ, ಸುದ್ದಿಯೇ ಇಲ್ಲದವರಿಗೆ ಎಂದು ಅರ್ಥ. ಕಲ್ಲೆದೆಯವನೆಂದು ಒಳಗೊಳಗೇ ಬೈದುಕೊಂಡೆ. ಇಂದು ಹೇಳುತ್ತೇನೆ, ಅವರ ಮಾತು ಸರಿಯಿತ್ತು. ಮೂರು ಜನ ಹೊರಟರು. ನಾಲ್ಕನೆಯ ಹೆಸರು ಮೋತಲೇಬನದು, ಸೀಟು ಸಿಗಬೇಕಿತ್ತು.

ಅಷ್ಟರಲ್ಲಿ ಹೊಸಬರು ಐದು ಜನ ಬರುವವರೆಂದು ಸುದ್ದಿ ಬಂತು. ನಾಲ್ಕನೇ ರೂಮಿನಿಂದ ನಾಲ್ವರು ಒಂಬತ್ತಕ್ಕೆ ಹೋಗಿದ್ದರಿಂದ ಅಲ್ಲಿ ನಾಲ್ಕು ಮಂಚ ಖಾಲಿ. ಇನ್ನೊಂದು ಸಿಕ್ಕಿದರೆ ಐವರೂ ಒಟ್ಟಿಗೆ ಇರುತ್ತಾರೆ. ಉಳಿದವರಲ್ಲಿ ಮಂಚ ಬಿಡು ಎಂದರೆ ಜಗಳಕ್ಕೆ ಬರದವನು ಮೋತಲೇಬನೊಬ್ಬನೇ. ಬೇರೆ ರೂಮುಗಳಲ್ಲಿ ಖಾಲಿಯಾದ ಮಂಚಗಳಿಗೆ ಒಂಬತ್ತರ ಹಳಬರು ಹೋಗಿದ್ದರಿಂದ ಬೇರೆಲ್ಲೂ ಜಾಗವಿರಲಿಲ್ಲ. ಒಂಬತ್ತರಲ್ಲಿ ಒಂದು ಮಂಚ ಖಾಲಿಯಿತ್ತು. ಜಹ್ರಾ ಕಡೆ ಹೊಸ ಕ್ಯಾಂಪಿಗೆ ಮಂಚ ಜೋಡಿಸಲು ನಾನು ಎರಡು ದಿನ ಹೋಗಬೇಕಿತ್ತು. ಗೇಟಿನಲ್ಲಿ ಪಿಕಪ್ ಹಾರ್ನ್ ಹಾಕುತ್ತಿತ್ತು. ನಾಲ್ಕನೇ ರೂಮಿನವರೆಗೆ ನಡೆಯಲು ಸೋಮಾರಿತನ. ಮೈಕ್ ಹಿಡಿದೆ. ಮೂಗು ಒತ್ತಿದೆ.

"ಮೋತಲೇಬ್ ಮಿಯಾ. ರೂಮ್ ನೈನ್. ಯಲ್ಲಾ."

ಕೆಮ್ಮಿದೆ. ಪಿಕಪ್ ಹತ್ತಿದೆ.

ಮುಂದಿನದನ್ನು ನಾನು ನೋಡಲಿಲ್ಲ, ಕಂಡವರಿಂದ ಕೇಳಿ ಆಮೇಲೆ ಸಂಜೀವಣ್ಣ ಹೇಳಿದ್ದು. ಮೋತಲೇಬ್ ನಲ್ಲಿಯ ಹತ್ತಿರ ಬಕೆಟ್ ತುಂಬಿಸುತ್ತಿದ್ದ. ಸ್ಪೀಕರ್ ಕಡೆ ತಲೆ ಎತ್ತಿ ನೋಡಿದ. ಬಕೆಟ್ ತುಂಬಿ ಹರಿಯಿತು, ನಲ್ಲಿ ನಿಲ್ಲಿಸಲಿಲ್ಲ. ರಾಯಭಾರ ಕಚೇರಿಯಿಂದ ಸಾಕ್ಷಾತ್ ಮುದೀರರಿಗೇ ಸುದ್ದಿ ಬಂದಿರಬೇಕೆಂದು ಅವನು ತಿಳಿದ. ಅದೇ ದನಿ, ಅದೇ ಕೆಮ್ಮು, ಅದೇ ರೂಮು. ಒಂಬತ್ತನೇ ರೂಮಿನವರು ಬಂದು ಅವನ ಹಾಸಿಗೆಯ ಎರಡು ಕಡೆ ಹಿಡಿದರು. ಏನೂ ಕೇಳಲಿಲ್ಲ. ಆ ಸಂಜೆಯೇ ಎಲ್ಲರೂ ಸಾಲಾಗಿ ನಿಂತು, ದೇಹವಿಲ್ಲದೆ ಮಾಡುವ ಜನಾಜಾ ನಮಾಜು ಮಾಡಿದರು. ಮರುದಿನ ಅವನು ಸಂಜೀವಣ್ಣನ ಸ್ಟೋರಿಗೆ ಹೋಗಿ, "ನನ್ನ ಹೆಸರು ತೆಗೆಯಿರಿ, ಟಿಕೆಟ್ ಹಾರೂನನಿಗೆ ಕೊಡಿ, ಅವನ ಅಮ್ಮ ಆಸ್ಪತ್ರೆಯಲ್ಲಿದ್ದಾರೆ" ಎಂದ. ಹಾರೂನ್ ಅವನ ಪಕ್ಕದ ಹಳ್ಳಿಯವನು. ನಾನಿಲ್ಲದಾಗ ಪಟ್ಟಿ ನೋಡಿಕೊಳ್ಳುತ್ತಿದ್ದ ಸಂಜೀವಣ್ಣ ಹೆಸರು ಹೊಡೆದು ಹಾಕಿದರು.

ನಾನು ಮರಳಿದಾಗ ಗೇಟಿನಲ್ಲೇ ಅವರು ಹೇಳಿದರು, "ಮೋತಲೇಬನ ಹೆಂಡತಿ ಮಗು ಇಬ್ಬರೂ ಹೋದ್ರು ಮಾರಾಯ."

ಯಾರು ಹೇಳಿದರೆಂದು ನಾನು ಕೇಳಲಿಲ್ಲ. ಆಗ ನನಗೆ ಬಂದ ಯೋಚನೆಯನ್ನೂ ಮುಚ್ಚಿಡುವುದಿಲ್ಲ. 'ಹೇಗೂ ಒಂಬತ್ತಕ್ಕೇ ಹಾಕಿದ್ದೆನಲ್ಲ, ಇನ್ನೊಮ್ಮೆ ಬದಲಿಸುವ ಕೆಲಸ ತಪ್ಪಿತು.' ಹೋಗಿ ಅವನ ಕೈ ಹಿಡಿದುಕೊಂಡು ಅತ್ತೆ, ನನ್ನದೇ ದನಿಯಲ್ಲಿ. ಅವನು ಅಳುವುದನ್ನು ಕಂಡು ನಾನು ನಂಬಿದೆ. ನಾನು ಅಳುವುದನ್ನು ಕಂಡು ಅವನ ನಂಬಿಕೆ ಗಟ್ಟಿಯಾಯಿತು.

ಶುಕ್ರವಾರ ಬಂತು. ಅಬ್ಬಾಸಿಯಾದಿಂದ, ಫಿಂಟಾಸಿನಿಂದ ನಮ್ಮೂರಿನ ಕುಟುಂಬಗಳು ಬಿರಿಯಾನಿ, ಹಳೆ ಬಟ್ಟೆ ಹಿಡಿದುಕೊಂಡು ಕಾರುಗಳಲ್ಲಿ ಬಂದವು. ಒಳ್ಳೆಯವರೇ. ಟೀವಿಯಲ್ಲಿ ನೋಡಿ ನಿದ್ದೆಗೆಟ್ಟವರು. ನನಗೋ ಪ್ರೇಕ್ಷಕರನ್ನು ಕಂಡರೆ ಮೈಮೇಲೆ ಬರುತ್ತದೆ. ಒಂಬತ್ತನೇ ರೂಮಿನ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಪರಿಚಯಿಸಿದೆ. "ಇವನದ್ದು ಅಪ್ಪ. ಇವನದ್ದು ತಮ್ಮಂದಿರು. ಇವನದ್ದು ನೋಡಿ ಅಕ್ಕಾ, ಹೆಂಡತಿಯೂ ಮಗುವೂ." ಬಂದವರಲ್ಲಿ ಹಿರಿಯ ಹೆಂಗಸೊಬ್ಬರು ಮೋತಲೇಬನ ತಲೆ ಸವರಿ ಅತ್ತರು. ಅವರ ಮಗ ಇಂಗ್ಲಿಷಿನಲ್ಲಿ ಕೇಳಿದ, "ಆ ಗಾಳಿಯ ಸದ್ದು ಹೇಗಿತ್ತು?"

ಮೋತಲೇಬ್ ನನ್ನ ಮುಖ ನೋಡಿದ. ಅವನೆಲ್ಲಿ ಕೇಳಿದ್ದ? ಆ ರೂಮಿನಲ್ಲಿದ್ದ ಯಾರೂ ಕೇಳಿರಲಿಲ್ಲ. ಅವರೆಲ್ಲ ಸಾವಿರಾರು ಮೈಲಿ ಆಚೆ ನೆಲ ಒರೆಸುತ್ತಿದ್ದರು. ಗಾಳಿ ಅವರ ಒಂದು ಕೂದಲನ್ನೂ ಅಲುಗಿಸದೆ ಅವರದ್ದೆಲ್ಲವನ್ನೂ ಒಯ್ದಿತ್ತು. ಸುಮ್ಮನಿದ್ದರೆ ಆಗುತ್ತಿತ್ತು. ಔಷಧಿ ಅಂಗಡಿಯವನು ಫೋನಿನಲ್ಲಿ ಹೇಳಿದ್ದನ್ನು ಕೇಳಿದ್ದೆನಲ್ಲ, ನಾನು ಮಾಡಿ ತೋರಿಸಿದೆ. ಮೊದಲು ದೂರದ ರೈಲು, ಆಮೇಲೆ ತಲೆಯ ಮೇಲೆ ವಿಮಾನ, ಆಮೇಲೆ ತಗಡು. ಚೆನ್ನಾಗಿಯೇ ಮಾಡಿದೆ. ಮುಗಿಸಿದಾಗ ರೂಮಿನ ಹದಿನಾಲ್ಕು ಗಂಡಸರೂ ಕಿವಿ ಮುಚ್ಚಿಕೊಂಡಿದ್ದರು.

ಸಂಜೀವಣ್ಣ ನನ್ನ ಕಾಲರು ಹಿಡಿದು ಹೊರಗೆಳೆದರು. "ನೀನು ಇಲ್ಲಿ ಸರ್ಕಸ್ ಇಟ್ಟಿದ್ದೀಯಾ? ಟಿಕೆಟ್ ಹರೀಲಿಕ್ಕೆ ನಾನು ಕೂರ್ಬೇಕಾ?"

ಆ ವಾರವೇ ದೂಳು ಎದ್ದಿತು. ಕುವೈತಿನಲ್ಲಿ ಬೇಸಿಗೆಯ ದೂಳು ದೊಡ್ಡ ಸಂಗತಿಯಲ್ಲ. ಆಕಾಶ ಕೆಂಪಗಾಗುತ್ತದೆ, ಬಾಗಿಲಿಗೆ ಒದ್ದೆ ಟವೆಲ್ ಸಿಕ್ಕಿಸಿ ಕೂತರೆ ಮುಗಿಯಿತು. ಆ ದಿನ ಮಾಡಿನ ತಗಡು ಒಮ್ಮೆ ಪಟಪಟ ಎಂದದ್ದೇ ತಡ, ಬಾಂಗ್ಲಾದವರೆಲ್ಲ ಹೊರಗೆ ಓಡಿ, ಕಣ್ಣು ಮೂಗಿಗೆಲ್ಲ ಮರಳು ತುಂಬಿಕೊಳ್ಳುತ್ತಾ ರೂಮುಗಳ ಮಾಡಿಗೆ ಹಗ್ಗ ಎಸೆದು ಜಗ್ಗಿ ಹಿಡಿದು ನಿಂತರು. ಬೇಡವೆಂದರೂ ಕೇಳಲಿಲ್ಲ. ಅಲ್ಲಿ ಹಿಡಿಯಲಾಗದ ಮಾಡನ್ನು ಇಲ್ಲಿ ಹಿಡಿದಿದ್ದರು. ಒಳಗೆ ಉಳಿದವನು ಮೋತಲೇಬನೊಬ್ಬನೇ. "ನೀನು ಹೋಗಲಿಲ್ಲವಾ?" ಎಂದರೆ, "ನನ್ನದು ಹಾರಿ ಆಯಿತಲ್ಲ ಭಾಯಿ" ಎಂದ.

ಮೂರು ದಿನ ಕಳೆದು ಮಧ್ಯಾಹ್ನ ಆಫೀಸಿನ ಫೋನು ಬಡಿದುಕೊಂಡಿತು. ಹಾರೂನ್.

"ಭಾಯಿ, ಮೋತಲೇಬನಿಗೆ ಹೇಳಿ. ರೊಕೇಯಾ ಭಾಭಿ ಇವತ್ತು ಬೆಳಿಗ್ಗೆ ಹೋದರು."

"ಇವತ್ತಾ? ಎಂತ ಹೇಳ್ತಿದ್ದೀಯ ಹಾರೂನ್? ಅವರು ಗಾಳಿಯಲ್ಲೇ..."

"ಇಲ್ಲ ಭಾಯಿ. ಕಾಲಿಗೆ ತಗಡು ಹೊಕ್ಕಿತ್ತು, ವಿಷವಾಯಿತು. ಆವತ್ತಿನಿಂದ ಇದೇ ಆಸ್ಪತ್ರೆಯಲ್ಲಿದ್ದರು, ನನ್ನ ಅಮ್ಮನಿಂದ ಎರಡು ಚಾಪೆ ಆಚೆ. ನಿನ್ನೆ ಸಂಜೆ ನಾನು ಬಂದಾಗ ಕುವೈತಿನಿಂದ ಬಂದವನು ಅಂತ ಯಾರೋ ಹೇಳಿದರು. ಎದ್ದು ಕೂತರು ಭಾಯಿ, ಮೋತಲೇಬ್ ಅಂದುಕೊಂಡು. ಮಗಳು ಇದ್ದಾಳೆ. ಚಿಕ್ಕಮ್ಮನ ಮನೆಯಲ್ಲಿ. ಒಂದು ಗೀರೂ ಇಲ್ಲ."

ಮೋತಲೇಬ್ ಹೋಗಿದ್ದರೆ ಅವಳು ಉಳಿಯುತ್ತಿದ್ದಳೆಂದು ನಾನು ಹೇಳುವುದಿಲ್ಲ. ಹಾರೂನ್ ಹೋದ ಟಿಕೆಟ್ಟಿನಲ್ಲಿ ಅವನು ಹೋಗಿದ್ದರೆ ಒಂದು ರಾತ್ರಿ ಸಿಗುತ್ತಿತ್ತು. ಇಪ್ಪತ್ತು ಚಿಲ್ಲರೆ ವರ್ಷದಿಂದ ನಾನು ಲೆಕ್ಕ ಹಾಕುತ್ತಿರುವುದು ಆ ಒಂದು ರಾತ್ರಿಯನ್ನು.

ಸಂಜೀವಣ್ಣನ ಸ್ಟೋರಿನಲ್ಲಿ, ಫಿನಾಯಿಲ್ ಡಬ್ಬಗಳ ನಡುವೆ ಅವನನ್ನು ಕೂರಿಸಿ ಹೇಳಿದೆ. ಮಗಳು ಬದುಕಿದ್ದಾಳೆ ಎಂದಾಗ ಅವನ ಮುಖದಲ್ಲಿ ಒಂದು ಬೆಳಕು ಬಂದು, ನಿಲ್ಲಲು ನಾಚಿದಂತೆ ಹೋಗಿಬಿಟ್ಟಿತು. ಆಮೇಲೆ ಕೇಳಿದ, "ಹಾಗಾದರೆ ಆವತ್ತು ಮುದೀರ್ ಸಾಹೇಬರಿಗೆ ಯಾರು ಹೇಳಿದ್ದು?"

"ಎಂತ?"

"ಒಂಬತ್ತಕ್ಕೆ ಹೋಗು ಅಂತ ಸ್ಪೀಕರಲ್ಲಿ ಹೇಳಿದರಲ್ಲ."

ಸಂಜೀವಣ್ಣ ಡಬ್ಬ ಎಣಿಸುವುದನ್ನು ನಿಲ್ಲಿಸಿದರು.

"ಅದು ಮುದೀರ್ ಅಲ್ಲ ಮೋತಲೇಬ್. ನಾನು."

"ನಿನಗೆ ಯಾರು ಹೇಳಿದ್ದು?"

"ಯಾರೂ ಇಲ್ಲ. ಹೊಸಬರಿಗೆ ಮಂಚ ಬೇಕಿತ್ತು."

"ಎಷ್ಟು ಜನ?"

"ಐದು."

ಅವನು ಹೌದೆಂಬಂತೆ ತಲೆಯಾಡಿಸಿದ. ಎದ್ದು, ಚಪ್ಪಲಿ ಹುಡುಕಿ ಹಾಕಿಕೊಂಡು ಡ್ಯೂಟಿ ಬಸ್ಸಿಗೆ ಹೋದ.

ಮುದೀರರ ಮುಂದೆ ನಾನೇ ಹೋಗಿ ತಪ್ಪೊಪ್ಪಿಕೊಂಡೆ. ಕೆಲಸ ಹೋದರೆ ಹೋಗಲಿ ಎಂದಿದ್ದೆ. ಅವರು ಕನ್ನಡಕ ತೆಗೆದು, "ನನ್ನ ಹಾಗೆ ಮಾಡು, ನೋಡುತ್ತೇನೆ" ಎಂದರು. ಬಾಯಿ ತೆರೆದೆ, ಏನೂ ಬರಲಿಲ್ಲ. "ಖಲಾಸ್. ಮೈಕ್ ಬಿಚ್ಚಿಸು" ಎಂದರು. ಅಷ್ಟೇ. ಮೋತಲೇಬನಿಗೆ ಟಿಕೆಟು ಮಂಜೂರು ಮಾಡಿದರು. ಅವನು ಬೇಡವೆಂದ. ಮಗಳನ್ನು ಸಾಕಬೇಕು, ಹೋದರೆ ಮರಳಿ ಬರುವ ಧೈರ್ಯ ಇರುವುದಿಲ್ಲ, ರಜೆ ಬಂದಾಗ ಹೋಗುತ್ತೇನೆಂದ.

ಆಮೇಲೆ ಕ್ಯಾಂಪಿನ ಕ್ರಮಗಳು ಬದಲಾದವು. ಮೈಕು ಹೋಗಿ ಚೀಟಿ ಬಂತು. ಮಂಚ ಬದಲಿಸುವಾಗ ಕಾರಣ ಬರೆದು, ಓದಿ ಹೇಳಿ, ಕೈಗೆ ಕೊಡಬೇಕು. ಎರಡು ಸಾವಿರದ ಈಚೆಗೆ ಮೊಬೈಲುಗಳು ಬಂದವು. ಕೊನೆಕೊನೆಗೆ ಊರು ಮುಳುಗುವುದನ್ನು, ಮನೆ ಹಾರುವುದನ್ನು ಹುಡುಗರು ಮಂಚದ ಮೇಲೆ ಮಲಗಿಯೇ ಅಂಗೈಯಲ್ಲಿ ನೋಡುತ್ತಿದ್ದರು. ನನಗಿಂತ ಮೊದಲೇ ಅವರಿಗೆ ತಿಳಿಯುತ್ತಿತ್ತು. ಅದರಿಂದ ಕ್ಯಾಂಪ್ ಬಾಸಿನ ಕೆಲಸ ಸುಲಭವಾಯಿತೆಂದು ತಿಳಿಯಬೇಡಿ. ಮಂಚದ ವಿಷಯಕ್ಕೆ ಕಾಲು ಸವೆಸಿ, ಹತ್ತಿರ ಹೋಗಿ, ಮುಖ ನೋಡಿ ಹೇಳಿ. ದುಃಖ ನೋಡಲು ಬರುವವರನ್ನು ಗೇಟಿನಲ್ಲೇ ನಿಲ್ಲಿಸಿ. ಅವರಲ್ಲಿ ಮೊದಲಿಗರು ನೀವೇ ಆಗಿರುತ್ತೀರಿ, ಎಚ್ಚರ.

ಯಾಕೆ ಹೇಳುತ್ತೇನೆಂದರೆ, ಹಾರೂನನ ಫೋನು ಬಂದ ಮೇಲೆ ನಾನು ದಿನಾ ಮೋತಲೇಬನ ಮಂಚಕ್ಕೆ ಹೋಗತೊಡಗಿದೆ. ಒಂದು ದಿನ ಕಿತ್ತಳೆ, ಒಂದು ದಿನ ಚಹಾ. ಹೋಗಿ ಕೂತು ಕ್ಷಮೆ ಕೇಳುವುದು, ಅಳುವುದು. ನಾನು ಪಾಪಿ, ನನಗೆ ಹೊಡೆ, ನನ್ನ ನಾಲಿಗೆ ಕೀಳು ಎನ್ನುವುದು. ಮೊದಮೊದಲು ಅವನು ಬೆನ್ನು ಸವರಿ "ಅಳಬೇಡ ಭಾಯಿ" ಎನ್ನುತ್ತಿದ್ದ. ನಾನು ತಂದ ಚಹಾವನ್ನು ನನಗೇ ಕುಡಿಸುತ್ತಿದ್ದ. ಹಾಗೆ ಹತ್ತು ಹನ್ನೆರಡು ದಿನ. ನನಗೆ ದಿನದಿಂದ ದಿನಕ್ಕೆ ಎದೆ ಹಗುರಾಗುತ್ತಿತ್ತು. ಅವನು ದಿನದಿಂದ ದಿನಕ್ಕೆ ಇಳಿದುಹೋಗುತ್ತಿದ್ದ. ಅದು ನನಗೆ ಕಾಣಲಿಲ್ಲ.

ಒಂದು ಮಧ್ಯಾಹ್ನ ಅವನು ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು, ಒಂದು ಕಾಲಿನ ಸಾಕ್ಸ್ ತೆಗೆದಿದ್ದ, ಇನ್ನೊಂದು ತೆಗೆಯುತ್ತಿದ್ದ. ನಾನು ಮಂಚದ ಕಾಲುದೆಸೆಯಲ್ಲಿ ಕೂತು ಶುರು ಮಾಡಿದೆ. ಅವನು ಸಾಕ್ಸ್ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, ದನಿ ಏರಿಸದೆ, ಕೆಲಸದ ವಿಷಯ ಕೇಳುವವನ ಹಾಗೆ ಹೇಳಿದ:

"ವಾಲ್ಟರ್ ಭಾಯಿ, ಸತ್ತದ್ದು ನನ್ನ ಹೆಂಡತಿ. ನಿನ್ನನ್ನು ಸಮಾಧಾನ ಮಾಡುವ ಡ್ಯೂಟಿ ನನಗೆ ಯಾವ ಶಿಫ್ಟಿನಲ್ಲಿ ಅಂತ ಬೋರ್ಡಿನಲ್ಲಿ ಬರೆದುಬಿಡು, ಬರುತ್ತೇನೆ."